ಎರಡು ಹೊತ್ತಿನ ಹಾಲು

ಇವತ್ತು ಬೆಳಗ್ಗೆ ನಮ್ಮ ಸಂಬಂಧಿಕರ ಗ್ರೂಪಲ್ಲಿ ಯಾರೋ ಒಬ್ಬ ಹುಡುಗನ ಫೋಟೋ ಹಾಕಿ, ಸ್ಟೆಮ್ ಸೆಲ್ ಚಿಕಿತ್ಸೆಗೆ ದುಡ್ಡು ಬೇಕು, ಎಲ್ರೂ ಶೇರ್ ಮಾಡಿ ಅಂದಿದ್ರು. ಕೆಳಗಡೆ ಸಾಲಾಗಿ ಕೈಮುಗಿಯೋ ಚಿತ್ರಗಳು. ನಡುವೆ ಒಬ್ಬಳು, ಅಷ್ಟೊಂದು ದುಡ್ಡು ಕೇಳ್ತಾರೆ ಅಂದ್ರೆ ಮೋಸಾನೇ ಇರ್ಬೇಕು ಅಂತ ಬರೆದಿದ್ಲು. ಅವಳಿಗೆ ಎರಡು ಮಾತು ಬರೆಯೋಣ ಅಂತ ಕೂತೆ, ಇಷ್ಟುದ್ದ ಆಯ್ತು. ಓದೋರು ಓದಿ. ಪುರುಸೊತ್ತಿಲ್ಲದೋರು ಮೇಲಕ್ಕೆ ತಳ್ಕೊಂಡು ಹೋಗಿ, ನಂಗೇನೂ ಬೇಜಾರಿಲ್ಲ.

ನಾನು ಮದುವೆಯಾಗಿ ಬಂದಿದ್ದು ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗೋ ದಾರೀಲಿರೋ ಒಂದು ಹಳ್ಳಿಗೆ. ತೊಂಬತ್ತರ ದಶಕ. ನಮ್ಮನೆಯವರು ಊರಿನ ಹಾಲಿನ ಸೊಸೈಟೀಲಿ ಹಾಲು ನೋಡಿ ಅಳೆಯೋ ಕೆಲಸಕ್ಕಿದ್ರು. ಬೆಳಗ್ಗೆ ಒಂದು ಹೊತ್ತು, ಸಾಯಂಕಾಲ ಒಂದು ಹೊತ್ತು. ಊರೋರೆಲ್ಲ ಚೊಂಬು, ಬಕೀಟು, ಕ್ಯಾನು ಹಿಡ್ಕೊಂಡು ಸಾಲಲ್ಲಿ ನಿಲ್ಲೋರು. ಇವರು ಮೊದಲು ಮುಚ್ಚಳ ತೆಗೆದು ಮೂಸೋರು. ಹಾಲು ಹುಳಿಗೆ ತಿರುಗ್ತಾ ಇದ್ರೆ ಮೊದಲು ಗೊತ್ತಾಗೋದು ಮುಚ್ಚಳದಲ್ಲೇ ಅಂತ ಇವರ ಲೆಕ್ಕ. ಆಮೇಲೆ ಲ್ಯಾಕ್ಟೋಮೀಟರ್ ಬಿಡೋರು. ಅದೊಂದು ಗಾಜಿನ ಕಡ್ಡಿ, ಹಾಲಿಗೆ ನೀರು ಸೇರಿಸಿದ್ರೆ ಸರ್ರ ಅಂತ ಕೆಳಗಿಳಿದು ಮಾನ ಕಳೆದುಬಿಡ್ತಿತ್ತು.

ಇವರ ಹತ್ರ ಮುಲಾಜಿರಲಿಲ್ಲ. ಸೊಸೈಟಿ ಅಧ್ಯಕ್ಷರ ಮನೆ ಹಾಲಾದ್ರೂ ವಾಪಸ್, ನಮ್ಮತ್ತೆ ತಂದ ಹಾಲಾದ್ರೂ ವಾಪಸ್. ಒಂದ್ಸಲ ನಮ್ಮತ್ತೆ ಸಾಲಲ್ಲಿ ನಿಂತ್ಕೊಂಡೇ ಜಗಳಕ್ಕೆ ಬಿದ್ರು.

"ನಿಂಗೆ ಆಲು ಕುಡಿಸಿ ಸಾಕ್ದೋಳು ನಾನು ಕಣ್ಲಾ. ನನ್ ಆಲಿಗೇ ಕಡ್ಡಿ ಬಿಡ್ತೀಯಾ?"

ಇವರು ಕಡ್ಡಿಯಿಂದ ಕಣ್ಣು ಎತ್ತಲಿಲ್ಲ. "ನಂಗೆ ಕುಡ್ಸಿದ್ ಆಲಿಗೆ ನೀನು ನೀರಾಕಿರ್ಲಿಲ್ಲ ಕಣವ್ವ. ಇದಕ್ಕ್ಯಾಕೆ ಆಕ್ದೆ?"

ಸಾಲೆಲ್ಲ ನಕ್ಕಿತು. ಅತ್ತೆ ಒಂದು ವಾರ ಮಗನ ಜೊತೆ ಮಾತು ಬಿಟ್ರು. ಆದ್ರೆ ಮುದ್ದೆ ಮಾತ್ರ ಮಾಮೂಲಿಗಿಂತ ದೊಡ್ಡದಾಗೇ ಕಟ್ಟಿಡೋರು.

ಆ ಬೇಸಿಗೇಲಿ ಇವರಿಗೆ ಕ್ಯಾನ್ ಎತ್ತಿ ಇಟ್ಟರೆ ಮೇಲುಸಿರು ಬರೋಕೆ ಶುರುವಾಯ್ತು. ಹಲ್ಲುಜ್ಜಿದ್ರೆ ರಕ್ತ. ತೊಡೆ ಮೇಲೆ ಯಾರೋ ಚಿವುಟಿದ ಹಂಗೆ ನೀಲಿ ಕಲೆಗಳು. ಊರಲ್ಲೆಲ್ಲ ಉಷ್ಣ ಅಂದ್ರು. ಅಂಬಲಿ ಕುಡಿಸಿದ್ವಿ, ತಲೆಗೆ ಹರಳೆಣ್ಣೆ ಇಟ್ವಿ. ಕಲೆಗಳು ಜಾಸ್ತಿಯಾದ್ವೇ ಹೊರತು ಕಮ್ಮಿಯಾಗಲಿಲ್ಲ. ರಾಬರ್ಟ್‌ಸನ್‌ಪೇಟೇಲಿ ಒಬ್ಬ ಡಾಕ್ಟ್ರು ರಕ್ತ ಪರೀಕ್ಷೆ ಮಾಡ್ಸಿ, ಚೀಟಿ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ರು. ವೆಲ್ಲೂರಿಗೆ ಕರ್ಕೊಂಡು ಹೋಗಮ್ಮ, ಇವತ್ತೇ ಹೋಗು ಅಂದ್ರು.

ನಮ್ಮ ಕಡೆ ವೆಲ್ಲೂರಿಗೆ ಹೋಗಿ ಅಂದ್ರೆ ಅದರ ಮೇಲೆ ಕೇಳೋದೇನೂ ಉಳಿಯಲ್ಲ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಕಾಟ್ಪಾಡೀಲಿ ಇಳಿಯೋದು. ಆ ರೈಲಲ್ಲಿ ನಿಮ್ಮ ಎದುರಿಗೆ ಕೂತೋರ ಮಡಿಲಲ್ಲೂ ಒಂದು ಆಸ್ಪತ್ರೆ ಕವರ್ ಇರುತ್ತೆ.

ಅಲ್ಲಿನ ಡಾಕ್ಟ್ರು ತೆಲುಗಿನವರು. ನಮಗೆಲ್ಲ ತೆಲುಗು ಬರ್ತಿತ್ತು, ಅದರಿಂದ ಪೂರ್ತಿ ಅರ್ಥ ಆಯ್ತು. ಅರ್ಥ ಆಗದೇ ಇದ್ದಿದ್ರೇ ಚೆನ್ನಾಗಿತ್ತೇನೋ. ರಕ್ತ ಹುಟ್ಟೋದು ಮೂಳೆಯೊಳಗಿನ ಮಜ್ಜೇಲಿ, ಇವರ ಮಜ್ಜೆ ಬತ್ತಿಹೋಗ್ತಾ ಇದೆ ಅಂದ್ರು. ಒಡಹುಟ್ಟಿದೋರ ಮಜ್ಜೆ ಹೊಂದಿಕೆ ಆದ್ರೆ ಅದನ್ನ ತೆಗೆದು ಇವರಿಗೆ ಕೊಡಬಹುದು. ಈಗ ಸ್ಟೆಮ್ ಸೆಲ್ ಅಂತಾರಲ್ಲ, ಅದೇ. ಆಗ ನಾವು ಮಜ್ಜೆ ಹಾಕೋದು ಅಂತಿದ್ವಿ.

ಇವರಿಗಿದ್ದಿದ್ದು ಒಬ್ಬನೇ ತಮ್ಮ, ನನ್ನ ಮೈದುನ. ಪರೀಕ್ಷೆ ಮಾಡಿದ್ರು. ಹೊಂದಿಕೆ ಆಯ್ತು. ಅತ್ತೆ ಒಬ್ಬ ಮಗನ ಮೂಳೆ ಕೆರೆದು ಇನ್ನೊಬ್ಬನಿಗೆ ಹಾಕ್ತಾರೆ ಅಂತ ತಿಳ್ಕೊಂಡು ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ರು. ಮೈದುನ ಅವರನ್ನ ನಗಿಸೋಕೆ ನೋಡ್ದ. "ಅಳ್ಬ್ಯಾಡ ಕಣವ್ವ. ನನ್ ಸೋಮಾರಿತನ ಎಲ್ಲ ಅಣ್ಣನ ಮೈಗೋಗ್ತದೆ. ಇನ್ಮ್ಯಾಲೆ ಅವನು ನಿದ್ದೆ ಮಾಡ್ಲಿ, ನಾನು ದುಡೀತೀನಿ."

ದಾರಿ ಇದೆ ಅಂತ ಗೊತ್ತಾಯ್ತು. ಆ ದಾರಿಗೆ ಎರಡು ಅಡ್ಡಿ ಇತ್ತು.

ಒಂದು ದುಡ್ಡು. ಎಷ್ಟು ಅಂತ ಬರೆಯಲ್ಲ, ಇವತ್ತಿನ ಲೆಕ್ಕದಲ್ಲಿ ನಿಮಗೆ ಕಮ್ಮಿ ಅನ್ಸುತ್ತೆ. ನಮ್ಮ ಮನೆ, ಹೊಲ, ಹಸು, ನಾವು, ಎಲ್ಲ ಸೇರಿಸಿ ಮಾರಿದ್ರೂ ಸಾಲದಷ್ಟು. ಇಂಥ ಚಿಕಿತ್ಸೆ ಮಾಡೋ ಕೋಣೆಗಳು ಅಲ್ಲಿ ಇದ್ದಿದ್ದೇ ಬೆರಳೆಣಿಕೆ, ಕಾಯೋರು ಬೇಕಾದಷ್ಟು. ಇಂತಾ ವಾರ ನಿಮ್ಮ ಸರದಿ ಅಂತ ಹೇಳ್ತಾರೆ. ಅಷ್ಟರೊಳಗೆ ಮುಂಗಡ ಕಟ್ಟಿದ್ರೆ ಕೋಣೆ ನಿಮ್ಮದು. ಇಲ್ಲ ಅಂದ್ರೆ ಹಿಂದೆ ನಿಂತಿರೋರಿಗೆ. ಡಾಕ್ಟ್ರನ್ನ ನಾನು ಬಯ್ಯಲ್ಲ. ಹಿಂದೆ ನಿಂತಿದ್ದೋಳೂ ನನ್ನ ವಯಸ್ಸಿನೋಳೇ, ಅವಳ ಗಂಡನಿಗೂ ತೊಡೆ ಮೇಲೆ ಅದೇ ಕಲೆ.

ಇನ್ನೊಂದು ಅಡ್ಡಿ ರಕ್ತ. ಸರದಿ ಬರೋವರೆಗೂ ಬೇರೆಯವರ ರಕ್ತ ಏರಿಸ್ತಾ ಇರ್ಬೇಕು, ಇಲ್ಲದಿದ್ರೆ ಉಳಿಯಲ್ಲ. ಆದ್ರೆ ಹಾಗೆ ಏರಿಸಿದಷ್ಟೂ ಮುಂದೆ ತಮ್ಮನ ಮಜ್ಜೇನ ಇವರ ಮೈ ಒಪ್ಪೋದು ಕಷ್ಟ ಆಗ್ತಾ ಹೋಗುತ್ತಂತೆ. ಬಾಟಲಿಂದ ಹನಿ ಹನಿ ಇಳಿಯೋದನ್ನ ನೋಡ್ತಾ ಕೂತಿರ್ತಿದ್ದೆ. ಇಳೀಲಿ ಅಂತ ಬೇಡ್ಕೋಬೇಕೋ ನಿಲ್ಲಲಿ ಅಂತ ಬೇಡ್ಕೋಬೇಕೋ ಗೊತ್ತಾಗ್ತಿರಲಿಲ್ಲ.

ಇವರನ್ನ ಅಲ್ಲಿ ಮೈದುನನ ಜೊತೆ ಬಿಟ್ಟು ನಾನು ಊರಿಗೆ ಬಂದೆ. ಒಡವೆ ಹೋಯ್ತು. ಕರೆಯೋ ಹಸುಗಳಲ್ಲಿ ಒಂದನ್ನ ಉಳಿಸ್ಕೊಂಡು ಮಿಕ್ಕಿದ್ದು ಕೊಟ್ವಿ. ತವರಿನೋರು ಕೈಲಾದಷ್ಟು ಕೊಟ್ರು. ಅದಾದ ಮೇಲೆ ಅತ್ತೆ ಸೊಸೆ ಇಬ್ರೂ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಲ್ಲಿ ಅಂಗಡಿ ಅಂಗಡಿ ಹತ್ತೋಕೆ ಶುರು ಮಾಡಿದ್ವಿ. ಕೈ ಚಾಚಿ ಅಭ್ಯಾಸ ಇಲ್ಲ. ಮೊದಲನೇ ಅಂಗಡೀಲಿ ನಾಚಿಕೆಗೆ ಒಂದು ಸೋಪು ಕೊಂಡ್ಕೊಂಡು ಈಚೆಗೆ ಬಂದ್ವಿ.

ಆಮೇಲೆ ಕೇಳೋದನ್ನ ಕಲಿತ್ವಿ. ಏನು ಕಾಯಿಲೆ ಅನ್ನೋರು. ಮೂಳೆಯೊಳಗಿನ ಮಜ್ಜೆ ಬತ್ತಿದೆ, ತಮ್ಮಂದು ತೆಗೆದು ಅಣ್ಣಂಗೆ ಹಾಕ್ಬೇಕು ಅಂದ್ರೆ, ಕಥೆ ಕಟ್ತಿದಾಳೆ ಅನ್ನೋ ಥರ ನೋಡೋರು. ಪಾತ್ರೆ ಅಂಗಡಿ ಯಜಮಾನ್ರು ಒಬ್ಬರು ಒಳ್ಳೇ ಮನಸ್ಸಿಂದಾನೇ ಹೇಳಿದ್ರು, ಕ್ಯಾನ್ಸರ್ ಅಂತ ಹೇಳಮ್ಮ, ಎಲ್ರಿಗೂ ಅರ್ಥ ಆಗ್ತದೆ, ಕೈ ಬಿಚ್ಚಿ ಕೊಡ್ತಾರೆ ಅಂತ. ನಾನು ಹೂಂ ಅಂದೆ. ಆದ್ರೆ ಅತ್ತೆ ಬಿಲ್ಕುಲ್ ಒಪ್ಪಲಿಲ್ಲ. ಇಲ್ಲದ ಕಾಯಿಲೆ ಹೆಸರು ಬಾಯಲ್ಲಿ ಹೇಳಿದ್ರೆ ಅದು ಕರೆದ್ರು ಅಂತ ಬಂದುಬಿಡುತ್ತೆ ಅಂದ್ರು. ಅದಕ್ಕೇ ಎಲ್ಲಾ ಅಂಗಡೀಲೂ ಮಜ್ಜೆ ಕಥೇನೇ ಹೇಳಿದ್ವಿ. ಕೆಲವರು ಕೊಟ್ರು, ಕೆಲವರು ನಾಳೆ ಬಾ ಅಂದ್ರು.

ಒಂದು ಸಂಬಳದ ದಿನ ಕೋರಮಂಡಲ್ ಚಿನ್ನದ ಗಣಿ ಕಡೆಗೂ ಹೋದ್ವಿ. ಗಣಿಗಳೇ ಆ ಹೊತ್ತಿಗೆ ಸೊರಗಿದ್ವು. ಇನ್ನೆಷ್ಟು ದಿನ ನಡೀತಾವೋ ಅಂತ ಅಲ್ಲಿನೋರಿಗೇ ಅನುಮಾನ. ಕೆಲಸ ಮುಗಿಸಿ ಬರ್ತಿದ್ದ ಒಬ್ಬ ವಯಸ್ಸಾದೋರು ಅತ್ತೆ ಸೆರಗಿಗೆ ನೋಟು ಹಾಕಿ, ತಮಿಳಲ್ಲಿ, ನಮಗೆ ಶ್ವಾಸಕೋಶ, ನಿಮಗೆ ಮೂಳೆ, ಒಟ್ನಲ್ಲಿ ಒಳಗಡೇದೇ ಹೋಗೋದು ನೋಡಮ್ಮ ಅಂದ್ಬಿಟ್ಟು ಕೆಮ್ಮುತ್ತಾ ಹೋದ್ರು. ಅತ್ತೆ ಅವರ ಬೆನ್ನು ಮರೆಯಾಗೋವರೆಗೂ ಸೆರಗು ಹಂಗೇ ಹಿಡ್ಕೊಂಡು ನಿಂತಿದ್ರು.

ಇಷ್ಟೆಲ್ಲ ಆದ್ರೂ ಮುಂಗಡಕ್ಕೆ ಇನ್ನೂ ಕೊರತೆ ಇತ್ತು. ಸರದಿ ಬರೋಕೆ ಒಂದೇ ವಾರ. ಅವತ್ತು ಸೊಸೈಟಿ ಅಧ್ಯಕ್ಷರು ಮನೆಗೆ ಬಂದ್ರು. ನಮ್ಮನೆಯವರ ಕೈಲಿ ಎಷ್ಟು ಸಲ ಹಾಲು ವಾಪಸ್ ತಗೊಂಡು ಹೋಗಿದ್ರೋ ಅದೇ ಮನುಷ್ಯ. ಬಾಗಿಲಲ್ಲೇ ನಿಂತು ಹೇಳಿದ್ರು. ಒಂದು ಸಾಯಂಕಾಲ ಊರಿನ ಹಾಲೆಲ್ಲ ಇವನ ಹೆಸರಿಗೆ. ಈ ರಸ್ತೇಲಿರೋ ಅಕ್ಕಪಕ್ಕದ ಸೊಸೈಟಿಗಳ ಜೊತೇನೂ ಮಾತಾಡಿದೀನಿ, ಅವರೂ ಒಪ್ಪಿದಾರೆ. ಡೈರಿಯಿಂದ ಆ ಹೊತ್ತಿನ ದುಡ್ಡು ಅಷ್ಟೂ ಒಟ್ಟಿಗೆ ಕೊಡ್ಸೋ ಜವಾಬ್ದಾರಿ ನಂದು ಅಂದ್ರು.

ಅತ್ತೆ ಅವರ ಕಾಲಿಗೆ ಬೀಳೋಕೆ ಹೋದ್ರು. "ಏ, ಬುಡಕ್ಕ, ಸುಮ್ಕಿರು" ಅಂತ ಹಿಂದಕ್ಕೆ ಸರಿದ್ರು. "ನಿನ್ ಮಗ ಎದ್ದು ಬಂದು ನನ್ ಆಲು ಇನ್ನೊಂದ್ಸಲ ವಾಪಸ್ ಕಳಿಸ್ಲಿ, ಅಷ್ಟು ಸಾಕು."

ಅಳೆಯೋಕೆ ಮೈದುನನ್ನ ಕರೆಸಿದ್ವಿ. ಅಣ್ಣನ ಬದಲಿಗೆ ಎಷ್ಟೋ ಸಲ ಕೂತಿದ್ದ, ಕೆಲಸ ಗೊತ್ತಿತ್ತು. ವೆಲ್ಲೂರಲ್ಲಿ ಇವರ ಪಕ್ಕಕ್ಕೆ ನಮ್ಮಪ್ಪ ಹೋಗಿ ಕೂತ್ರು.

ಅವತ್ತು ಬೆಳಗಿನ ಹಾಲು ತೀರಾ ಕಮ್ಮಿ ಬಂತು. ಕ್ಯಾನ್ ಹೇರ್ಕೊಳ್ಳೋಕೆ ಬಂದ ಲಾರಿ ಡ್ರೈವರ್, ಏನಪ್ಪಾ ಊರಲ್ಲಿ ಹಸುಗಳಿಗೆಲ್ಲ ರಜಾನಾ ಅಂತ ತಮಾಷೆ ಮಾಡ್ದ. ಸಾಯಂಕಾಲ ದಾನ ಕೊಡೋರಲ್ವಾ, ಬೆಳಗಿಂದು ಮಕ್ಕಳಿಗೆ ಇಟ್ಕೊಂಡಿರ್ತಾರೆ ಅಂತ ಮೈದುನ ಅಂದ. ನಂಗೂ ಸರಿ ಅನ್ನಿಸ್ತು.

ಸಾಯಂಕಾಲದ ಸಾಲು ನಾನು ಇನ್ನೂ ಮರೆತಿಲ್ಲ. ಸೊಸೈಟಿಯಿಂದ ಅರಳೀಕಟ್ಟೆ ದಾಟಿ ನಿಂತಿತ್ತು. ಹಸು ಇಲ್ಲದೋರೂ ಯಾರದೋ ಮನೇಲಿ ಕೊಂಡ್ಕೊಂಡು ಚೊಂಬಲ್ಲಿ ತಂದಿದ್ರು. ಕೂಲಿಗೆ ಹೋಗೋ ಹೆಂಗಸರು ಕೈ ಕಾಲು ಕೂಡ ತೊಳ್ಕೊಳ್ಳದೆ ಸೀದಾ ಬಂದು ನಿಂತಿದ್ರು. ನಾನು ಜಗಲಿ ಮೇಲೆ ಕೈ ಮುಗಿದು ನಿಂತಿದ್ದೆ.

ಮೈದುನ ಅಭ್ಯಾಸದಂತೆ ಲ್ಯಾಕ್ಟೋಮೀಟರ್ ಎತ್ಕೊಂಡ. ಮುಂದೆ ನಿಂತಿದ್ದ ಒಬ್ಬ ಹಿರಿಯರು ಅವನ ಕೈ ಹಿಡ್ಕೊಂಡ್ರು.

"ಧರ್ಮಕ್ಕೆ ಕೊಡೋ ಆಲಿಗೂ ಕಡ್ಡಿ ಬಿಡ್ತಾರೇನ್ಲಾ?"

ಗದರಿಸಿ ಹೇಳಲಿಲ್ಲ, ಮೆತ್ತಗೆ ಹೇಳಿದ್ರು. ಮೈದುನ ಸುತ್ತ ನೋಡ್ದ. ನನ್ನ ಕಡೆ ನೋಡ್ದ, ಅಧ್ಯಕ್ಷರ ಕಡೆ ನೋಡ್ದ. ನಮ್ಮ ಜನರಲ್ಲಿ ಹಂಗೇ, ದೇವರ ಹುಂಡಿಗೆ ಹಾಕಿದ ನೋಟನ್ನ ಯಾರೂ ಬೆಳಕಿಗೆ ಹಿಡಿದು ನೋಡಲ್ಲ. ಅಣ್ಣನಿಗೋಸ್ಕರ ತಂದ ಹಾಲನ್ನ ತಮ್ಮ ಮೂಸಿ ನೋಡಿದ್ರೆ ಮುಖಕ್ಕೆ ಹೊಡೆದ ಹಂಗೆ. ಕಡ್ಡೀನ ಗೂಟಕ್ಕೆ ತಗುಲಿಸಿ, ಬಂದ ಹಾಲನ್ನೆಲ್ಲ ಕ್ಯಾನಿಗೆ ಸುರೀತಾ ಹೋದ. ಕ್ಯಾನ್‌ಗಳು ಸಾಲದೆ ಪಕ್ಕದೂರಿಂದ ತರಿಸಿದ್ವಿ. ಇಷ್ಟು ಹಾಲು ಈ ಊರಲ್ಲಿ ಯಾವತ್ತೂ ಆಗಿರಲಿಲ್ಲ ಅಂತ ಅಧ್ಯಕ್ಷರು ಎದೆ ಉಬ್ಬಿಸ್ಕೊಂಡು ಹೇಳ್ತಿದ್ರು. ಹೌದು, ಆಗಿರಲಿಲ್ಲ. ಒಬ್ಬರಿಗಾದ್ರೂ ಅದೇಕೆ ಅಂತ ಹೊಳೀಲಿಲ್ಲ.

ಮಾರನೇ ದಿನ ಬೆಳಗ್ಗೆ ಬಂದ ಲಾರಿಯಿಂದ ಡ್ರೈವರ್ ತಮಾಷೆ ಮಾಡದೆ ಇಳಿದ. ಕ್ಯಾನ್‌ಗಳು ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂದಿದ್ವು. ಮೇಲೆ ಸೀಮೆಸುಣ್ಣದಲ್ಲಿ ಹುಳಿ ಅಂತ ಬರೆದಿತ್ತು. ನಮ್ಮೂರದ್ದಷ್ಟೇ ಅಲ್ಲ, ಅಕ್ಕಪಕ್ಕದ ಊರುಗಳದ್ದೂ ಹೆಚ್ಚುಕಮ್ಮಿ ಅದೇ ಕಥೆ. ಒಂದು ಮುಚ್ಚಳ ತೆಗೆದ್ರು. ವಾಸನೆ ಜಗಲಿವರೆಗೂ ಬಂತು. ಒಳಗೆ ಹಾಲು ಒಡೆದು, ಗಟ್ಟಿ ಒಂದು ಕಡೆ ನೀರು ಒಂದು ಕಡೆ ಆಗಿತ್ತು.

ಸುದ್ದಿ ಕೇಳಿ ಹೆಂಗಸರೆಲ್ಲ ಬಂದು ಸುತ್ತ ನಿಂತ್ರು. ಕೊನೆಗೆ ಪಕ್ಕದ ಬೀದಿಯ ಒಬ್ಬಳು ಸೆರಗು ಬಾಯಿಗಿಟ್ಕೊಂಡು ನನ್ನ ಹತ್ರ ಬಂದ್ಲು.

"ನಾನು ಬೆಳಗಿನ್ ಆಲೂ ಇಟ್ಕೊಂಡಿದ್ದೆ ಕಣಕ್ಕ. ಒಂದೊತ್ತಿನ್ ಆಲು ಏನಂತ ಕೊಡೋದು, ಎರಡೊತ್ತಿಂದು ಕೊಡಾಣ ಅಂತ. ಮಕ್ಳಿಗೂ ಕೊಡ್ಲಿಲ್ಲ."

ಅವಳ ಹಿಂದೆ ಇನ್ನೊಬ್ಬಳು ನಾನೂ ಅಂದ್ಲು. ಅವಳ ಹಿಂದೆ ಮತ್ತೊಬ್ಬಳು. ನಿಂತಿದ್ದೋರೆಲ್ಲ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಬಿಸಿಲಲ್ಲಿ ಬೆಳಗಿಂದ ಸಾಯಂಕಾಲದವರೆಗೂ ಕೂತ ಹಾಲನ್ನ ತಾಜಾ ಹಾಲಿಗೆ ಸೇರಿಸಿದ್ರೆ ಏನಾಗುತ್ತೆ ಅಂತ ಹಸು ಕಟ್ಟೋ ಊರಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ. ಎಲ್ರಿಗೂ ಗೊತ್ತಿತ್ತು. ಅಷ್ಟೊಂದು ಹಾಲಲ್ಲಿ ನಂದೊಂದು ಚೊಂಬು ಏನ್ ಮಾಡೀತು ಅಂತ ಎಲ್ರೂ ಅಂದ್ಕೊಂಡಿದ್ರು. ಯಾರನ್ನ ಬಯ್ಯೋದು? ಬಯ್ಯೋಕಾದ್ರೂ ಒಬ್ಬರು ಸಿಕ್ಕಿದ್ದಿದ್ರೆ ಅವತ್ತು ಎಷ್ಟೋ ಹಗುರ ಆಗ್ತಿತ್ತು ನಂಗೆ.

ಹಾಲನ್ನ ಕೆರೆ ಕೋಡಿ ಹತ್ರ ಸುರಿದ್ರು. ನಾಯಿಗಳು ಕುಡಿದು ಕುಡಿದು ಸಾಕಾಗಿ ಪಕ್ಕದಲ್ಲೇ ಮಲಗಿದ್ವು.

ಸರದಿಗೆ ಉಳಿದಿದ್ದ ದಿನಗಳಲ್ಲಿ ಆ ಕೊರತೆ ತುಂಬಿಸೋಕಾಗ್ಲಿಲ್ಲ. ನಾನು ರೈಲು ಹತ್ತಿದೆ. ದಾರಿಯುದ್ದಕ್ಕೂ ಇವರಿಗೆ ಹೆಂಗೆ ಹೇಳೋದು ಅಂತ ಮಾತು ಜೋಡಿಸ್ಕೊಳ್ತಾ ಹೋದೆ. ವಾರ್ಡಿಗೆ ಹೋದ್ರೆ ಇವರು ದಿಂಬಿಗೆ ಒರಗಿ ಕೂತಿದ್ರು. ತುಟಿ ಬಿಳಿಚಿಕೊಂಡಿತ್ತು. ನಾನು ಜೋಡಿಸ್ಕೊಂಡಿದ್ದ ಮಾತೆಲ್ಲ ಎಲ್ಲೋ ಹೋಯ್ತು, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಬೆಳಗ್ಗೆ ಹಾಲು ಕಮ್ಮಿ ಬಂದಿದ್ದನ್ನೂ ಹೇಳಿದೆ.

"ಬೆಳಗ್ಗೆ ಕಮ್ಮಿ ಬಂತಾ?" ಅಂದ್ರು. "ಕಮ್ಮಿ ಬಂದಾಗ್ಲೇ ಗೊತ್ತಾಗ್ಬೇಕಿತ್ತು. ಮುಚ್ಚಳ ಮೂಸ್ಲಿಲ್ವಾ ಅವನು?"

"ಧರ್ಮದ ಹಾಲು ಅಂತ ಮೂಸ್ಲಿಲ್ಲ."

ಗೋಡೆ ಕಡೆ ತಿರುಗಿದ್ರು. ಅಳ್ತಿದಾರೆ ಅಂದ್ಕೊಂಡೆ. ನೋಡಿದ್ರೆ ಹೆಗಲು ಕುಲುಕ್ತಿದೆ, ನಗ್ತಿದಾರೆ. ಜೋರಾಗಿ ನಕ್ರೆ ವಸಡಲ್ಲಿ ರಕ್ತ ಬರುತ್ತೆ ಅಂತ ಬಾಯಿಗೆ ಟವಲ್ ಒತ್ಕೊಂಡಿದ್ರು.

"ಇಷ್ಟು ವರ್ಷ ನೀರಾಕ್ಬ್ಯಾಡ್ರಿ ಅಂತ ಬಾಯಿ ಬಡ್ಕೊಂಡೆ" ಅಂದ್ರು. "ನಂಗೋಸ್ಕರ ಒಂದಿನ ಎಲ್ಲಾ ಗಟ್ಟಿ ಆಲು ತಂದವ್ರೆ. ಅದೂ ಒಡ್ದೋಯ್ತು."

ನಾನೂ ನಕ್ಕೆ. ಕೋಣೆ ನಮ್ಮ ಹಿಂದೆ ನಿಂತಿದ್ದೋಳಿಗೆ ಹೋಯ್ತು. ಅವಳು ಆ ಸಾಯಂಕಾಲ ಬಂದು ನನ್ನ ಕೈ ಹಿಡ್ಕೊಂಡ್ಲು. ಅವಳ ಭಾಷೆ ನಂಗೆ ಬರ್ತಿರಲಿಲ್ಲ, ನನ್ನದು ಅವಳಿಗೆ ಬರ್ತಿರಲಿಲ್ಲ. ಕೈ ಬಿಡಿಸ್ಕೋಬೇಕು ಅನ್ಸಿತ್ತು, ಬಿಡಿಸ್ಕೊಳ್ಳಲಿಲ್ಲ.

ಮುಂದಿನ ಸರದಿ ಅಂದ್ರೆ ಇನ್ನೂ ಕೆಲವು ತಿಂಗಳು. ಅಷ್ಟೂ ದಿನ ರಕ್ತದ ಬಾಟಲಿಗಳು.

ಊರಿನವರು ಸುಮ್ಮನಿರಲಿಲ್ಲ. ಅಧ್ಯಕ್ಷರು ಇನ್ನೊಂದು ಸಾಯಂಕಾಲ ಗೊತ್ತು ಮಾಡಿದ್ರು. ಈ ಸಲ ಇವರು ಹಾಸಿಗೇಲೇ ಕೂತು ತಮ್ಮನಿಗೆ ಪಾಠ ಮಾಡಿ ಕಳಿಸಿದ್ರು. ಕ್ಯಾನ್‌ಗಳನ್ನ ಸೋಡಾ ಹಾಕಿದ ಬಿಸಿನೀರಲ್ಲಿ ತೊಳೀಬೇಕು. ಬೆಳಗಿನ ಹಾಲು ಬೆಳಗ್ಗೇನೇ ಬಂದಿದೆಯಾ ನೋಡ್ಬೇಕು. ಒಂದೊಂದು ಮುಚ್ಚಳವೂ ಮೂಸಲೇಬೇಕು. ಯಾರೇ ಆಗಲಿ, ಏನೇ ಅನ್ನಲಿ, ಅನುಮಾನ ಬಂದ್ರೆ ವಾಪಸ್.

ಎರಡನೇ ಸಾಯಂಕಾಲ ಯಾರೂ ಕಡ್ಡಿ ಬೇಡ ಅನ್ಲಿಲ್ಲ. ಪರೀಕ್ಷೆ ಬರೆಯೋಕೆ ಬಂದೋರ ಹಂಗೆ ಒಬ್ಬೊಬ್ಬರೇ ಮುಂದೆ ಬಂದು ತಾವೇ ಮುಚ್ಚಳ ತೆಗೆದು ತೋರಿಸ್ತಿದ್ರು. ಎಲ್ಲ ಚೆನ್ನಾಗಿತ್ತು. ಸಾಲಿನ ಕೊನೇಲಿ ನಮ್ಮತ್ತೆ ನಿಂತಿದ್ರು, ಮನೇಲಿ ಉಳಿದಿದ್ದ ಒಂದೇ ಹಸುವಿನ ಹಾಲು ಹಿಡ್ಕೊಂಡು. ಮೈದುನ ಮುಚ್ಚಳ ತೆಗೆದು ಮೂಸಿದ. ಇನ್ನೊಂದ್ಸಲ ಮೂಸಿದ. ಆಮೇಲೆ ಮುಚ್ಚಳ ಹಾಕಿ ಹಂಗೇ ನಿಂತ.

"ಬೆಳಗಿಂದು ಸೇರ್ಸಿದೀಯಾ ಅವ್ವ?"

"ಒಂದ್ ಚೂರು ಕಣ್ಲಾ." ಅತ್ತೆ ಧ್ವನಿ ಮಕ್ಕಳ ಥರ ಆಗಿತ್ತು. "ಊರೋರೆಲ್ಲ ಒಂದೊತ್ತಿಂದು ಕೊಡ್ತಾರೆ. ನಾನು ಅವನ ತಾಯಿ. ನಾನೂ ಅಷ್ಟೇ ಕೊಡಾದಾ?"

ಸಾಲಲ್ಲಿದ್ದೋರು ಯಾರೂ ಹೋಗಿರಲಿಲ್ಲ, ಎಲ್ರೂ ನೋಡ್ತಿದ್ರು. ಮೈದುನ ಕ್ಯಾನನ್ನ ಎರಡೂ ಕೈಯಲ್ಲಿ ಎತ್ತಿ ಅವರ ಕಾಲ ಹತ್ರ ವಾಪಸ್ ಇಟ್ಟ. ಅತ್ತೆ ಅದನ್ನ ಮಡಿಲಲ್ಲಿಟ್ಕೊಂಡು ಸೊಸೈಟಿ ಮೆಟ್ಟಿಲ ಮೇಲೆ ಕೂತ್ರು. ಲಾರಿ ಬಂದು ಕ್ಯಾನೆಲ್ಲ ಹೇರ್ಕೊಂಡು ಹೋಗೋವರೆಗೂ ಕೂತಿದ್ರು.

ಆ ಹಾಲು ಕೆಡಲಿಲ್ಲ. ದುಡ್ಡು ಬಂತು. ಈಗ ಮುಂಗಡ ಕಟ್ಟೋಕೆ ಸಾಕಾಗ್ತಿತ್ತು. ಅದನ್ನ ಮಡಿಲಲ್ಲಿ ಕಟ್ಕೊಂಡು ವೆಲ್ಲೂರಿಗೆ ಹೋದ್ರೆ, ಇವರಿಗೆ ಹಿಂದಿನ ದಿನದಿಂದ ಜ್ವರ. ಮೈಯಲ್ಲಿ ತಡೆಯೋ ಶಕ್ತಿ ಇಲ್ಲ, ನಂಜು ಏರಿದೆ ಅಂದ್ರು. ಎಷ್ಟೋ ದಿನ ಆದ ಮೇಲೆ ಜ್ವರ ಇಳೀತು, ಆ ದುಡ್ಡಲ್ಲಿ ಒಂದು ಪಾಲು ಅದಕ್ಕೇ ಇಳಿದುಹೋಯ್ತು.

ಡಾಕ್ಟ್ರು ನನ್ನನ್ನ ಕೂರಿಸ್ಕೊಂಡು ಹೇಳಿದ್ರು. ಈಗಾಗ್ಲೇ ರಕ್ತ ತುಂಬ ಏರಿಸಿದೀವಿ. ಇನ್ನೊಂದು ಸರದಿವರೆಗೂ ಕಾಯೋಕೆ ಹೋದ್ರೆ ಇನ್ನೊಂದು ಜ್ವರ ಬರಬಹುದು, ಅದನ್ನ ತಡೀತಾರೆ ಅಂತ ನಾನು ಹೇಳಲಾರೆ. ಕುದುರೆ ರಕ್ತದಿಂದ ಮಾಡೋ ಒಂದು ಔಷಧ ಇದೆ. ಉಳಿದಿರೋ ದುಡ್ಡಿಗೆ ಅದಾಗುತ್ತೆ. ಕೆಲವರಿಗೆ ಹಿಡಿಯುತ್ತೆ, ಕೆಲವರಿಗೆ ಹಿಡಿಯಲ್ಲ. ಹಿಡಿದ್ರೂ ಮತ್ತೆ ಬರಲ್ಲ ಅಂತ ಮಾತು ಕೊಡೋಕಾಗಲ್ಲ.

ನೀವಾಗಿದ್ರೆ ಏನ್ ಮಾಡ್ತಿದ್ರಿ ಅಂತ ಕೇಳಿದೆ. ಅವರು ಕಾಗದ ನನ್ನ ಕಡೆ ಸರಿಸಿದ್ರು. ನಾನು ಸಹಿ ಹಾಕಿದೆ.

ಮೈದುನನಿಗೂ ಹೇಳಿದೆ. "ಅಂಗಾರೆ ನನ್ ಮೂಳೆ ಬ್ಯಾಡಾ ಅತ್ಗೆ?" ಅಂದ. ಬೇಡ ಅಂತಲ್ಲ, ಆಗಲ್ಲ ಅಂತ ಹೇಳಿದೆ. ಎರಡೂ ಅವನಿಗೆ ಒಂದೇ ಆಗಿ ಕೇಳಿಸ್ತು.

ಔಷಧ ಅರ್ಧ ಹಿಡೀತು. ರಕ್ತ ಏರಿಸೋದು ಕಮ್ಮಿಯಾಗ್ತಾ ಬಂದು ಒಂದು ದಿನ ನಿಂತೇ ಹೋಯ್ತು. ಇವರು ಮನೆಗೆ ಬಂದ್ರು. ಕ್ಯಾನ್ ಎತ್ತೋಕೆ ಆಗ್ತಿರಲಿಲ್ಲ, ಅದನ್ನ ಮೈದುನ ಎತ್ತೋನು. ಇವರು ಕುರ್ಚಿ ಹಾಕ್ಕೊಂಡು ಕೂತು ಮೂಸೋರು. ಒಂದು ದಿನ ಅಧ್ಯಕ್ಷರ ಹಾಲಿಗೆ ಕಡ್ಡಿ ಬಿಟ್ಟು, ನೀರಿದೆ ಅಂತ ವಾಪಸ್ ಕಳಿಸಿದ್ರು. ಅಧ್ಯಕ್ಷರು ಬೈತಾರೆ ಅಂದ್ಕೊಂಡ್ರೆ, ಆ ಹಾಲು ಹಿಡ್ಕೊಂಡು ಬೀದಿಯಲ್ಲಿ ಸಿಕ್ಕಿದೋರಿಗೆಲ್ಲ ತೋರಿಸ್ತಾ ಮನೆಗೆ ಹೋದ್ರಂತೆ, ವಾಪಸ್ ಕಳಿಸ್ದ ನೋಡ್ರೋ ಅಂತ.

ಹಾಗೆ ಕೆಲವು ವರ್ಷ ನಡೀತು. ಚೆನ್ನಾಗೇ ಇದ್ವಿ. ಒಂದು ದಿನ ಬೆಳಗ್ಗೆ ಇವರು ಹಲ್ಲುಜ್ಜಿ ಉಗುಳಿದಾಗ ಬಚ್ಚಲಲ್ಲಿ ಕೆಂಪು ಕಂಡೆ. ಇವರು ನೀರು ಹಾಕಿ ತೊಳೆದುಬಿಟ್ಟಿದ್ರು, ಆದ್ರೂ ಕಂಡೆ.

ಎರಡನೇ ಸಲ ವೆಲ್ಲೂರಲ್ಲಿ ಡಾಕ್ಟ್ರು, ಮೊದಲಿನದೇ ಮತ್ತೆ ಬಂದಿದೆ ಅಂದ್ರು. ಊರಿಗೆ ಬಂದ ಮೇಲೆ ಅಧ್ಯಕ್ಷರೂ ಒಂದಷ್ಟು ಹೆಂಗಸರೂ ಮನೆಗೆ ಬಂದು, ಮತ್ತೆ ಒಂದು ಸಾಯಂಕಾಲ ಮಾಡೋಣ, ಈ ಸಲ ನೀನೇ ಕೂತು ನೋಡು ಅಂದ್ರು. ಇವರು ಗೋಡೆಗೆ ಒರಗಿ ಕೂತಿದ್ರು.

"ಬ್ಯಾಡ ಬುಡ್ರಿ" ಅಂದ್ರು. "ಮೂಗು ಕೆಲ್ಸ ಮಾಡ್ತಿಲ್ಲ ಈಗ. ಯಾರದು ಚೆನ್ನಾಗೈತೆ ಯಾರದು ಇಲ್ಲ, ಗೊತ್ತಾಗಲ್ಲ."

ಅದು ಸುಳ್ಳು. ಆ ಬೆಳಗ್ಗೆ ತಾನೇ ಒಲೆ ಮೇಲಿಟ್ಟ ಹಾಲು ಅಡಿ ಹಿಡೀತಿದೆ ನೋಡು ಅಂತ ಒಳಮನೆಯಿಂದ ನನ್ನ ಕೂಗಿ ಹೇಳಿದ್ರು. ನಾನು ಸುಳ್ಳು ಅನ್ಲಿಲ್ಲ. ಬಂದಿದ್ದೋರು ಒಬ್ಬೊಬ್ಬರೇ ಎದ್ದು ಹೋದ್ರು.

ಮಳೆ ಶುರುವಾಗೋ ಹೊತ್ತಿಗೆ ಇವರು ಹೋಗಿಬಿಟ್ರು. ಮಣ್ಣಾದ ಮೂರನೇ ದಿನಕ್ಕೆ ನಮ್ಮಲ್ಲಿ ಹಾಲು ತುಪ್ಪ ಬಿಡ್ತಾರೆ. ಬೆಳಗ್ಗೆ ಎದ್ದು ಬಾಗಿಲು ತೆಗೆದ್ರೆ ಜಗಲಿ ತುಂಬ ಚೊಂಬುಗಳು. ಯಾರ್ಯಾರು ತಂದಿಟ್ಟು ಹೋಗಿದ್ರೋ ಗೊತ್ತಿಲ್ಲ, ಒಬ್ಬರೂ ಅಲ್ಲಿರಲಿಲ್ಲ. ಅತ್ತೆ ಈಚೆಗೆ ಬಂದು ನೋಡಿದ್ರು. ಮೈದುನ ಎಲ್ಲವನ್ನೂ ಒಂದು ಕ್ಯಾನಿಗೆ ಸುರಿಯೋಕೆ ಹೋದ. ಅತ್ತೆ ತಡಿಯೋ ಅಂದ್ರು.

ಕೆಳಗೆ ಕೂತು ಮೊದಲನೇ ಚೊಂಬಿನ ಮುಚ್ಚಳ ತೆಗೆದು ಮೂಸಿದ್ರು. ಪಕ್ಕಕ್ಕಿಟ್ರು. ಎರಡನೇದು ತೆಗೆದು ಮೂಸಿದ್ರು. ಹೀಗೇ ಎಲ್ಲವನ್ನೂ ಒಂದೊಂದಾಗಿ ಮೂಸಿ ನೋಡಿ, ಮೈದುನನ ಕಡೆ ತಿರುಗಿ, "ಎಲ್ಲಾ ಚೆನ್ನಾಗೈತೆ, ಸುರಿ" ಅಂದ್ರು.